ಭಾನುವಾರದ ನೆಂಟರು

ನಮ್ಮ ತಾಯಿಯವರಿಗೆ ಎಂಬತ್ತೆರಡನೆಯ ವಯಸ್ಸು ನಡೆಯುತ್ತಿದ್ದಾಗ ಸಾಗರದಿಂದ ಒಬ್ಬ ನಿವೃತ್ತ ಉಪಾಧ್ಯಾಯರು ನನಗೊಂದು ಕಾಗದ ಬರೆದರು. ತಾವೂ ತಮ್ಮ ಐದಾರು ಮಂದಿ ಸ್ನೇಹಿತರೂ ಕೂಡಿ, ಸುತ್ತಿನ ಹಳ್ಳಿಗಳಲ್ಲಿ ಒಂಟಿಯಾಗಿರುವ ವೃದ್ಧರ ಮನೆಗಳಿಗೆ ಭಾನುವಾರಗಳಲ್ಲಿ ಹೋಗಿಬರುತ್ತಿರುವುದಾಗಿಯೂ, ನನ್ನ ಅಭ್ಯಂತರವಿಲ್ಲದಿದ್ದರೆ ನಮ್ಮ ತಾಯಿಯವರಲ್ಲಿಗೂ ಹೋಗುವ ಇಚ್ಛೆಯುಂಟೆಂದೂ ಅದರ ಒಕ್ಕಣೆ. ಓದಿ ನನಗೆ ಸಂತೋಷವಾಗಬೇಕಾಗಿತ್ತು, ಆದದ್ದು ಸಿಟ್ಟು. ಮಗನಿದ್ದಾನೆ, ಸೊಸೆಯಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಪ್ರತಿರಾತ್ರಿ ಎಂಟು ಗಂಟೆಗೆ ಬೆಂಗಳೂರಿನಿಂದ ನಾನು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುತ್ತೇನೆ. ದಿಕ್ಕಿಲ್ಲದವರ ಪಟ್ಟಿಯಲ್ಲಿ ನಮ್ಮ ತಾಯಿಯವರ ಹೆಸರನ್ನು ಸೇರಿಸಲು ಇವರಾರು?

ವಿಚಾರಿಸಿಕೊಳ್ಳುತ್ತೇನೆಂದೆನಷ್ಟೆ, ಆ ವಿಚಾರಣೆಯ ಪರಿಯನ್ನೂ ಹೇಳಿಬಿಡುವುದು ನ್ಯಾಯ. ಊಟವಾಯಿತೆ, ಮಾತ್ರೆ ತೆಗೆದುಕೊಂಡೆಯಾ, ಕೆಲಸದವಳು ಬಂದಿದ್ದಳೆ, ಮಳೆ ಹೇಗಿದೆ—ಈ ನಾಲ್ಕು ಪ್ರಶ್ನೆಗಳು, ಇವಕ್ಕೆ ನಾಲ್ಕು ಉತ್ತರಗಳು. ಮೂರು ನಿಮಿಷಕ್ಕೆ ಮಿಕ್ಕಿದರೆ ಇಬ್ಬರಿಗೂ ಸಂಕೋಚ. ಹತ್ತಿರದ ಮನೆಯೆಂದರೆ ತೋಟದಾಚೆಗೆ ಎರಡು ಫರ್ಲಾಂಗು. ಅಲ್ಲಿಯೂ ಮಕ್ಕಳೆಲ್ಲ ಪರಸ್ಥಳಗಳಲ್ಲಿ. ಮಲೆನಾಡಿನ ಹಳ್ಳಿಗಳಲ್ಲಿ ಈಗ ಜಗಲಿಗಳು ಹಿರಿದಾಗಿವೆ, ಕೂರುವವರು ಇಲ್ಲ.

2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಕಾಯಿದೆಯಾಯಿತು. ಮಕ್ಕಳಿಂದ ಜೀವನಾಂಶ ಕೊಡಿಸುವ ಅಧಿಕಾರ ಅದಕ್ಕುಂಟು. ಹರಟೆ ಕೊಡಿಸುವ ಅಧಿಕಾರ ಯಾವ ಕಾಯಿದೆಗೂ ಇಲ್ಲ. ಲೋಕದಲ್ಲಿ ಆರು ಮಂದಿಗೊಬ್ಬರು ಒಂಟಿತನದಿಂದ ಬಾಧೆಪಡುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿಮಾಡಿತು. ಅಂಕಿಗಳನ್ನು ಓದಿ ತಲೆದೂಗುವುದು ಸುಲಭ. ಆ ಆರರಲ್ಲೊಬ್ಬರು ನಮ್ಮ ಅಡುಗೆಮನೆಯಲ್ಲಿಯೇ ಕುಳಿತಿರಬಹುದೆಂದು ಒಪ್ಪುವುದು ಕಷ್ಟ.

ಉಪಾಧ್ಯಾಯರಿಗೆ ನಾನು ಉತ್ತರವನ್ನೇ ಬರೆಯಲಿಲ್ಲ. ಮೌನವನ್ನು ಅವರು ಸಮ್ಮತಿಯೆಂದು ತಿಳಿದರೋ, ನನ್ನನ್ನು ಲೆಕ್ಕಕ್ಕಿಡಲಿಲ್ಲವೋ ಅರಿಯೆ. ಎರಡು ತಿಂಗಳಾದ ಮೇಲೆ, ಮುಂಚಿತವಾಗಿ ತಿಳಿಸದೆ ಒಂದು ಭಾನುವಾರ ಊರಿಗೆ ಹೋದೆ. ಉಣುಗೋಲು ದಾಟುವಾಗಲೇ ಒಳಗಿನಿಂದ ನಗೆ ಕೇಳಿಸಿತು. ನಮ್ಮ ತಾಯಿಯವರ ನಗೆಯೆಂದು ಗುರುತಿಸಲು ನನಗೆ ಒಂದು ಗಳಿಗೆ ಹಿಡಿಯಿತೆಂಬುದನ್ನು ಇಲ್ಲಿ ಮರೆಮಾಚಲಾರೆ. ಜಗಲಿಯ ಮೇಲೆ ಚೆನ್ನೆಮಣೆ; ಈಚೆಗೆ ಅವರು, ಆಚೆಗೆ ಕಾಲೇಜು ಓದುವ ಒಬ್ಬ ಹುಡುಗಿ. “ನೀನು ಮೋಸ ಮಾಡ್ದೆ ಕೂಸೆ, ನಾನು ನೋಡ್ದೆ!” ಎಂದು ಹುಣಿಸೆಬೀಜಗಳನ್ನು ಅವಳ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಉಪಾಧ್ಯಾಯರು ಕಂಬಕ್ಕೊರಗಿ ಕುಟ್ಟಾಣಿಯಲ್ಲಿ ಅವರ ಕವಳವನ್ನು ಕುಟ್ಟುತ್ತಿದ್ದರು. ನನ್ನನ್ನು ಕಂಡು ತಾಯಿಯವರು, “ಬಂದೆಯಾ, ಕೂತುಕೊ, ಆಟ ಮುಗಿಯಲಿ” ಎಂದರು. ನಾನು ಚೀಲ ಹಿಡಿದುಕೊಂಡು ಕುಳಿತೆ. ಆಗ ನನಗುಂಟಾದುದು ಕೃತಜ್ಞತೆಯಲ್ಲ, ಅಸೂಯೆ.

ಸಂಜೆ ಉಪಾಧ್ಯಾಯರೊಡನೆ ಬಸ್ಸಿನ ದಾರಿಯವರೆಗೆ ನಡೆದೆ. ಅವರ ನಿಯಮಗಳು ಎರಡೇ. ಹಣ್ಣುಹಂಪಲು ಒಯ್ಯಕೂಡದು, ಹೋದ ಮನೆಯಲ್ಲಿ ಏನಾದರೊಂದನ್ನು ಬೇಡಬೇಕು. “ಕೊಡುವವರ ಮುಂದೆ ಮುದುಕರು ಕುಗ್ಗುತ್ತಾರೆ ಸ್ವಾಮಿ, ಕೇಳುವವರ ಮುಂದೆ ಹಿಗ್ಗುತ್ತಾರೆ” ಎಂದರು. ಹುಡುಗಿ ಅಪ್ಪೆಮಿಡಿಯ ಉಪ್ಪಿನಕಾಯಿಯ ಹದವನ್ನು ಕೇಳಿಕೊಂಡು ಬಂದವಳಂತೆ. ಮಿಡಿಯ ತೊಟ್ಟನ್ನು ಎಷ್ಟು ಉಳಿಸಬೇಕು, ಉಪ್ಪಿನಲ್ಲಿ ಎಷ್ಟು ದಿನವಿಡಬೇಕು ಎಂಬುದರಿಂದ ತೊಡಗಿದ ಮಾತು ತವರುಮನೆಯ ಮಾವಿನಮರಕ್ಕೆ ಹೋಯಿತು, ಮರದಿಂದ ತವರೂರಿಗೆ.

ಆ ಊರು ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ನಾಡಿಗೆಲ್ಲ ಬೆಳಕು ಬಂದಿತು. ಇಪ್ಪತ್ತೆರಡು ವರ್ಷದ ಸೊಸೆಗೆ ಹಬ್ಬಕ್ಕೆ ಹೋಗಲು ತವರಿಲ್ಲವಾಯಿತು. ಇದು ನನಗೆ ತಿಳಿಯದ್ದೇನಲ್ಲ. ಆದರೆ ಅಲ್ಲಿ ಎಷ್ಟು ಮನೆಗಳಿದ್ದುವು, ಯಾರ ಮನೆಯ ಹಿಂದೆ ಯಾರ ಮನೆ ಎಂದು ಅರುವತ್ತು ವರ್ಷಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಹುಡುಗಿ ಕೇಳಿದಳು. ಒಂದು ನೋಟುಪುಸ್ತಕದಲ್ಲಿ ಮನೆಮನೆಯನ್ನೂ ಬರೆದುಕೊಂಡಳು. ಅಷ್ಟಕ್ಕೆ ಬಿಡದೆ, ಹಿನ್ನೀರಿನಾಚೆ ತುಮರಿಯ ಕಡೆ ಇಂಥದೇ ಕೆಲಸದಲ್ಲಿದ್ದ ತನ್ನ ಗೆಳತಿಯೊಬ್ಬಳಿಗೆ ಆ ಹೆಸರುಗಳನ್ನು ಓದಿ ಹೇಳಿದಳು. ಮೂರು ವಾರಗಳಲ್ಲಿ ಸುದ್ದಿ ಬಂದಿತು: ಪಟ್ಟಿಯಲ್ಲಿದ್ದ ಒಬ್ಬಾಕೆ, ನಮ್ಮ ತಾಯಿಯವರ ಓರಗೆಯವರು, ಬದುಕಿದ್ದಾರೆ, ಕಣ್ಣು ಮಂಜು, ಕಿವಿ ಚುರುಕು.

2025ರ ಚಳಿಗಾಲ ಕಳೆಯುವ ಮುನ್ನ ಅವರಿಬ್ಬರನ್ನೂ ಸೇರಿಸಿದರು. ಅಂಬಾರಗೋಡ್ಲುವಿನ ಲಾಂಚಿನಲ್ಲಿ ತಾಯಿಯವರ ಒಂದು ಪಕ್ಕಕ್ಕೆ ಹುಡುಗಿ, ಇನ್ನೊಂದು ಪಕ್ಕಕ್ಕೆ ನಾನು. ನಡುನೀರಿನಲ್ಲಿ ಅವರು ಕಟಾಂಜನ ಹಿಡಿದು ಬಹಳ ಹೊತ್ತು ನೀರನ್ನೇ ನೋಡಿದರು. ಏನಾದರೂ ಹೇಳುವರೆಂದು ಕಾದೆ, ಹೇಳಲಿಲ್ಲ. ಆಚೆಯ ದಡದ ಮನೆಯಲ್ಲಿ ಗೆಳತಿ ಇವರ ಮುಖವನ್ನು ಕೈಯಿಂದ ತಡವಿ, ಚಿಕ್ಕಂದಿನ ಹೆಸರು ಹಿಡಿದು ಕೂಗಿದರು. ಆ ಹೆಸರನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆಮೇಲೆ ಇಬ್ಬರೂ ನಮ್ಮನ್ನೆಲ್ಲ ಮರೆತು, ಎಂದೋ ಕಳೆದುಹೋದ ಒಂದು ಬೆಳ್ಳಿಯ ಕಾಲುಂಗುರ ಯಾರ ತಪ್ಪಿನಿಂದ ಕಳೆಯಿತೆಂದು ಜಗಳವಾಡಿದರು.

ಆ ವರ್ಷದ ಜುಲೈಯಲ್ಲಿ ಅಲ್ಲಿ ಸೇತುವೆಯಾಯಿತು. ಈಗ ಹೋಗಿಬರುವುದು ಸುಲಭ. ಲಾಂಚಿನ ಸುಖವಿಲ್ಲವೆಂದು ತಾಯಿಯವರ ದೂರು. ರಾತ್ರಿ ಎಂಟರ ನನ್ನ ವಿಚಾರಣೆ ಇಪ್ಪತ್ತು ನಿಮಿಷಕ್ಕೆ ಬೆಳೆದಿದೆ, ಪ್ರಶ್ನೆಗಳು ಬಹುಮಟ್ಟಿಗೆ ಅವರವೇ.

ಸಾಲವನ್ನು ಎಲ್ಲಿ ತೀರಿಸುವುದು? ನಮ್ಮ ಬೀದಿಯ ಕೊನೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಹಿರಿಯರಿದ್ದಾರೆ. ಒಂದು ಶನಿವಾರ ಧೈರ್ಯಮಾಡಿ ಹೋದೆ, ನಿಯಮ ಮರೆತು ಕಿತ್ತಳೆಹಣ್ಣು ಒಯ್ದು. “ನಾನೇನು ಆಸ್ಪತ್ರೆಯಲ್ಲಿದ್ದೇನೆಯೆ?” ಎಂದು ಅವರು ಬಾಗಿಲಲ್ಲಿಯೇ ಕೇಳಿದರು. ಮರುವಾರ ನಿಂತುಹೋಗಿದ್ದ ನನ್ನ ಹಳೆಯ ಕೈಗಡಿಯಾರವನ್ನು ಒಯ್ದೆ. ಅವರಿಗೆ ಆ ಕೈಕೆಲಸ ಬರುತ್ತದೆಂದು ಕೇಳಿದ್ದೆ. ಬಿಚ್ಚಿ ನೋಡಿ, ಇಟ್ಟುಹೋಗಿ, ಮುಂದಿನ ಶನಿವಾರ ಬನ್ನಿ ಎಂದರು. ಇದಾಗಿ ನಾಲ್ಕು ತಿಂಗಳಾಯಿತು. ಗಡಿಯಾರವಿನ್ನೂ ರಿಪೇರಿಯಾಗಿಲ್ಲ, ನಾನೂ ಅವಸರಪಡಿಸಿಲ್ಲ.