ಕತ್ತರಿಗೆ ಮೊದಲು ನೀರು

24 ಆಗಸ್ಟ್ 2024, ಶನಿವಾರ

ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದು ಕಮರ್ಷಿಯಲ್ ಸ್ಟ್ರೀಟಿನ ಕಡೆ ನಡೆದೆ. ನವೆಂಬರಿನಲ್ಲಿ ಮಗಳ ಹೆರಿಗೆ. ಕೂಸಿಗೆ ಹೊದಿಸುವ ಕೌದಿ ನನ್ನ ಕೈಯದೇ ಆಗಬೇಕು. ಒಳಪದರಕ್ಕೆ, ಅಡಿಗೆ ಅವ್ವನ ಹಳೆಯ ಇಳಕಲ್ ಸೀರೆಗಳಿವೆ, ಸವೆದು ಮೆತ್ತಗಾದ ಪಂಚೆಗಳಿವೆ. ಮೇಲಿನ ತೇಪೆಗಳಿಗೆ ಮಾತ್ರ ಬಣ್ಣ ಸಾಲದು. ಕಟ್‌ಪೀಸ್ ರಾಶಿ ಕೆದಕಿ ಕುಂಕುಮಗೆಂಪು, ಹಳದಿ ಹೂವಿನದು, ಕಡುನೀಲಿ ಪ್ರಿಂಟು ಆರಿಸಿದೆ. ಮೂರೂ ಕಾಟನ್, ಮೂರಕ್ಕೂ ಗಂಜಿ ಜೋರು.

ಬರುವಾಗ ಶಿವಾಜಿನಗರದ ಟೈಲರ್ ಹತ್ತಿರ ಬ್ಲೌಸ್ ಪೀಸ್ ಕೊಟ್ಟೆ. ಅವರು ಅಳತೆ ಪಟ್ಟಿ ತೆಗೆಯುವ ಮೊದಲೇ ಕೇಳಿದರು: "ಲೈನಿಂಗ್ ನೀರಿಗೆ ಹಾಕಿದ್ರಾ ಮೇಡಂ? ಇಲ್ಲಾಂದ್ರೆ ಕಟಿಂಗ್ ಮಾಡಲ್ಲ. ಆಮೇಲೆ ಟೈಟ್ ಆಯ್ತು ಅಂತ ನನ್ನನ್ನೇ ಕೇಳ್ತೀರಾ." ಸೀರೆಯ ಫಾಲ್ಸ್ ಕೂಡ ನೆನೆಸಿ ಒಣಗಿಸಿಯೇ ಹಚ್ಚುವುದು. ಬ್ಲೌಸಿಗೆ ಇಷ್ಟು ನಿಯಮ ಇರುವಾಗ ಕೌದಿಗೆ ಏಕಿಲ್ಲ ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

25 ಆಗಸ್ಟ್, ಭಾನುವಾರ

ಇಂದಿರಾನಗರದ ಗೆಳತಿ ಮಷೀನಿನಲ್ಲಿ ಕ್ವಿಲ್ಟ್ ಹೊಲಿಯುತ್ತಾಳೆ. ಅವಳು ಯಾವ ಬಟ್ಟೆಯನ್ನೂ ಮುಂಚೆ ತೊಳೆಯುವವಳಲ್ಲ. ಗಂಜಿ ಇದ್ದರೆ ಬಟ್ಟೆ ಜಾರುವುದಿಲ್ಲ, ಚೌಕ ಚೌಕವಾಗಿಯೇ ಕತ್ತರಿಸಲು ಬರುತ್ತದೆ, ಅಂಚಿನ ಎಳೆ ಬಿಡುವುದಿಲ್ಲ ಎನ್ನುತ್ತಾಳೆ. ಎಲ್ಲ ಮುಗಿದ ಮೇಲೆ ಒಂದೇ ಸಲ ಒಗೆದರೆ ಪದರಗಳೆಲ್ಲ ಸೇರಿ ಸ್ವಲ್ಪ ಕುಗ್ಗಿ ಸಣ್ಣ ಸಣ್ಣ ಸುಕ್ಕು ಏಳುತ್ತವೆ. ಆ ಸುಕ್ಕೇ ಅವಳಿಗೆ ಚೆಂದ.

ಅವಳು ಹೇಳುವುದರಲ್ಲಿ ತಪ್ಪಿಲ್ಲ. ಅವಳದರಲ್ಲಿ ಎಲ್ಲವೂ ಹೊಸ ಬಟ್ಟೆ, ಒಂದೇ ಜಾತಿಯ ಕಾಟನ್. ನನ್ನದು ಹಾಗಲ್ಲವಲ್ಲ.

ರಾತ್ರಿ ಧಾರವಾಡಕ್ಕೆ ಫೋನ್ ಮಾಡಿದೆ. ಅವ್ವ ನಕ್ಕು, "ಹಳೆ ಅರಿವಿಗೆ ಮತ್ತೇನ್ ತೊಳಿಯೂದವ್ವಾ, ಅದು ತೊಳಸ್ಕೊಂಡ್ ತೊಳಸ್ಕೊಂಡೇ ಹಳೇದಾಗಿರ್ತದ. ಹೊಸಾದು ಯಾಕ್ ತಂದಿ?" ಎಂದಳು. ನಮ್ಮ ಕಡೆಯ ಕೌದಿಗಾಗಲಿ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಕವಂದಿಗಾಗಲಿ ಈ ಪ್ರಶ್ನೆ ಇರಲೇ ಇಲ್ಲ. ಕುಗ್ಗುವುದೆಲ್ಲ ಕುಗ್ಗಿ, ಬಿಡುವ ಬಣ್ಣವೆಲ್ಲ ಬಿಟ್ಟ ಬಟ್ಟೆಯೇ ಸೂಜಿಗೆ ಬರುತ್ತಿತ್ತು. ಹಸುಗೂಸಿಗೆ ಹಳೆಯ ಬಟ್ಟೆಯೇ ಮೊದಲು ಎನ್ನುವ ಪದ್ಧತಿಯೂ ಇದಕ್ಕೆ ಹೊಂದಿಕೊಂಡದ್ದು. ಹೊಸ ಬಟ್ಟೆಯಲ್ಲಿ ಗಂಜಿ ಮಾತ್ರವಲ್ಲ, ಸುಕ್ಕಾಗದಿರಲೆಂದು ಹಾಕುವ ರಾಸಾಯನಿಕವೂ ಇರಬಹುದು. ತೊಳೆಯದ ಅಂಥದನ್ನು ಎಳೆ ಚರ್ಮಕ್ಕೆ ತಾಗಿಸಲು ನನಗಂತೂ ಮನಸ್ಸಿಲ್ಲ.

28 ಆಗಸ್ಟ್, ಬುಧವಾರ

ಹಳದಿ ಬಟ್ಟೆಯ ಮೂಲೆಯಲ್ಲಿ ಉದ್ದಕ್ಕೂ ಅಗಲಕ್ಕೂ 50 ಸೆಂಟಿಮೀಟರ್ ಗುರುತು ಹಾಕಿ ಬಿಸಿನೀರಿನಲ್ಲಿ ನೆನೆಸಿದ್ದೆ. ಒಣಗಿದ ಮೇಲೆ ಅಳೆದರೆ ಉದ್ದದಲ್ಲಿ ಒಂದೂವರೆ ಸೆಂಟಿಮೀಟರ್ ಹೋಗಿದೆ, ಅಗಲದಲ್ಲಿ ಕೂದಲೆಳೆಯಷ್ಟು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೀರು ಬಿದ್ದೊಡನೆ ಅವು ಸಡಿಲಗೊಂಡು ತಮ್ಮ ಅಳತೆಗೆ ಮರಳುತ್ತವೆ. 1930ರ ಹೊತ್ತಿಗೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ ಈ ಕುಗ್ಗುವಿಕೆಯನ್ನು ಕಾರ್ಖಾನೆಯಲ್ಲೇ ಮುಗಿಸುವ ವಿಧಾನ ಕಂಡುಹಿಡಿದ. ಬಟ್ಟೆಯ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಇದ್ದರೆ ಅದರ ಅರ್ಥ ಇದೇ. ಕಟ್‌ಪೀಸಿನಲ್ಲಿ ಆ ಅಂಚು ಎಲ್ಲಿ ಉಳಿದಿರುತ್ತದೆ?

ಈಗ ಈ ಲೆಕ್ಕವನ್ನು ಕೌದಿಗೆ ಹಚ್ಚಿ ನೋಡಬೇಕು. ತೊಳೆಯದ ಹಳದಿ ತೇಪೆಯನ್ನು ಅವ್ವನ ಸೀರೆಯ ಮೇಲೆ ಒತ್ತೊತ್ತಾಗಿ ಹೊಲಿದೆ ಎಂದುಕೊಳ್ಳೋಣ. ಮೊದಲ ಒಗೆತಕ್ಕೆ ತೇಪೆ ಕುಗ್ಗುತ್ತದೆ, ಸೀರೆ ಕುಗ್ಗುವುದಿಲ್ಲ. ಎಳೆತವೆಲ್ಲ ಹೊಲಿಗೆಯ ಸಾಲಿನ ಮೇಲೆ ಬೀಳುತ್ತದೆ. ಹೊಸದು ಗಟ್ಟಿ, ಹಳೆಯದು ಜೀರ್ಣ. ಹರಿಯುವುದು ಯಾವಾಗಲೂ ಹಳೆಯದೇ. ಅವ್ವ ಉಟ್ಟ ಸೀರೆಯನ್ನು ಹರಿಯಲು ಬಿಡುವುದಕ್ಕಾಗಿ ನಾನು ಈ ಕೌದಿ ಹೊಲಿಯುತ್ತಿಲ್ಲ. ಹೊಸದನ್ನು ಮೊದಲೇ ತೊಳೆಯಲು ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಡ.



  

1 ಸೆಪ್ಟೆಂಬರ್, ಭಾನುವಾರ

ತೊಳೆಯಬೇಕು, ಸರಿ. ನೀರು? ಈ ವರ್ಷ ಮಾರ್ಚಿನಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದು ಕುಳಿತಿದ್ದೆವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಎಂದಿತ್ತು. ಕಾವೇರಿ 5ನೇ ಹಂತದ ನೀರು ಇನ್ನೂ ಬಂದಿರಲಿಲ್ಲ. ಇಂಥ ಊರಲ್ಲಿ ಹೊಸ ಬಟ್ಟೆಯನ್ನು ಬೇಸಿನ್‌ಗಟ್ಟಲೆ ನೀರಿನಲ್ಲಿ ಜಾಲಿಸುವುದು ಸಣ್ಣ ವಿಷಯವಲ್ಲ.

ಹಾಗಾಗಿ ಒಂದೇ ಬಕೆಟ್ ಬಿಸಿನೀರು, ಸ್ವಲ್ಪ ಸೋಪಿನ ಪುಡಿ. ಮೊದಲು ಹಳದಿ, ಆಮೇಲೆ ಅದೇ ನೀರಿಗೆ ನೀಲಿ, ಕೊನೆಗೆ ಕೆಂಪು. ಉಳಿದದ್ದು ಕಕ್ಕಸಿಗೆ. ಬೋರ್‌ನ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಬಟ್ಟೆಗೆ ಬೂದಿಬಣ್ಣದ ಪೊರೆಯಾಗಿ ಅಂಟುತ್ತದೆ. ಅದಕ್ಕೇ ಕೊನೆಯ ಜಾಲಿಕೆಗೆ ಮಾತ್ರ ತಾರಸಿಯಲ್ಲಿ ಹಿಡಿದ ಮಳೆನೀರು.

ಕೆಂಪಿನದೇ ಕಥೆ. ನೀರು ದಾಳಿಂಬೆ ರಸದಷ್ಟು ಕೆಂಪಾಯಿತು. ಪಕ್ಕದ ಮನೆಯ ಅಕ್ಕ "ಉಪ್ಪು ಹಾಕಿ, ಬಣ್ಣ ನಿಲ್ಲುತ್ತೆ" ಎಂದರು. ಎಲ್ಲರ ಮನೆಯಲ್ಲೂ ಹೇಳುವ ಮಾತು. ಈಗಿನ ಕಾಟನ್‌ಗೆ ಹೆಚ್ಚಾಗಿ ಹಾಕುವ ರಿಯಾಕ್ಟಿವ್ ಬಣ್ಣದಲ್ಲಿ ಉಪ್ಪಿನ ಕೆಲಸ ಬಣ್ಣವನ್ನು ನೂಲಿನ ಹತ್ತಿರಕ್ಕೆ ತಳ್ಳುವುದಷ್ಟೇ; ಗಟ್ಟಿಯಾಗಿ ಹಿಡಿಸುವುದು ಸೋಡಾ. ಎರಡೂ ಡೈಯಿಂಗ್ ಹೊತ್ತಿನಲ್ಲೇ ನಡೆಯಬೇಕು. ಆಮೇಲೆ ಉಳಿದ ಸಡಿಲ ಬಣ್ಣಕ್ಕೆ ಬಿಸಿನೀರು, ಸೋಪೇ ಗತಿ.

7 ಸೆಪ್ಟೆಂಬರ್, ಶನಿವಾರ

ಗಣೇಶನ ಹಬ್ಬ. ಕಡುಬಿನ ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿದೆ: ಒದ್ದೆ ಕೆಂಪು ತುಂಡನ್ನು ಪಂಚೆಯ ಬಿಳಿ ಚೂರಿನ ಮೇಲಿಟ್ಟು ಇಸ್ತ್ರಿ ಒತ್ತಿದೆ. ಎಷ್ಟು ತೊಳೆದರೂ ನಸುಗೆಂಪು ಅಂಟುತ್ತಲೇ ಇದೆ. ಕೂಸಿನ ಕೌದಿ ದಿನಾ ಒದ್ದೆಯಾಗುವಂಥದ್ದು. ಕೆಂಪನ್ನು ಬಿಟ್ಟೆ, ಆ ಬಟ್ಟೆಯಲ್ಲಿ ಚೀಲ ಹೊಲಿಯಬಹುದು. ಕೆಂಪಿನ ಜಾಗಕ್ಕೆ ಇಳಕಲ್ ಸೆರಗೇ ಇದೆ.

ಹಳದಿ, ನೀಲಿ ಎರಡಕ್ಕೂ ತೆಳುವಾಗಿ ಅಕ್ಕಿಗಂಜಿ ಹಾಕಿ, ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿದೆ. ಗೆಳತಿ ಹೇಳಿದ ಗರಿ ಮತ್ತೆ ಬಂತು, ಕತ್ತರಿ ನೇರ ಓಡಿತು. ಎಲ್ಲ ಹೊಸದೇ ಆಗಿದ್ದು ಬಣ್ಣ ಬಿಡದಿದ್ದರೆ ತೊಳೆಯದೆ ಹೊಲಿಯಲಿ, ನನ್ನ ಆಕ್ಷೇಪ ಇಲ್ಲ. ಹಳೆಯ ಸೀರೆಯ ಜೊತೆ ಹೊಸದು ಕೂಡುವ ಕೌದಿಗೆ ಮಾತ್ರ ಹೊಸದನ್ನು ತೊಳೆದೇ ಕತ್ತರಿಸಬೇಕು.