ಮೊದಲು ಹೊಟ್ಟೆ ನೋಡು

ಭಾನುವಾರ ಮಧ್ಯಾಹ್ನ, ಶಿವಾಜಿನಗರ. ಗಲ್ಲಿ ತುಂಬ ನಿಂತ ಸ್ಕೂಟರುಗಳ ಸಂದಿಯಲ್ಲಿ ನುಸುಳಿ ಅಕ್ವೇರಿಯಂ ಅಂಗಡಿಗೆ ಬಂದಿದ್ದೇವೆ. ಮುಂದಿನ ಸಾಲೆಲ್ಲ ಗೋಲ್ಡ್‌ಫಿಶ್, ಗಪ್ಪಿ. ಉಪ್ಪುನೀರಿನ ಟ್ಯಾಂಕುಗಳಿರುವುದು ಪರದೆಯಾಚೆ, ಹಿಂದಿನ ಕೋಣೆಯಲ್ಲಿ. ಅಲ್ಲಿ ನೆಲ ಒದ್ದೆ, ಚಿಲ್ಲರ್ ಒಂದೇ ಸಮ ಗುಂಯ್‌ಗುಡುತ್ತಿದೆ, ಎಲ್ಲರ ಮುಖದ ಮೇಲೂ ನೀಲಿ ಬೆಳಕು. ಅಕ್ಕನ ಮಗ ಆಗಲೇ ಕೆಳಗಿನ ಟ್ಯಾಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ.

"ಮಾಮ, ಇದೇ!"

ಮ್ಯಾಂಡರಿನ್ ಮೀನು. ಬೆರಳುದ್ದವೂ ಇಲ್ಲ. ನೀಲಿ ಮೈಮೇಲೆ ಕಿತ್ತಳೆ ಗೆರೆಗಳು ಸುಳಿಸುಳಿಯಾಗಿ ಹರಿದಿವೆ, ಮುಖದಲ್ಲಿ ಹಸಿರು. ಕಲ್ಲಿನ ಮೇಲೆ ಈಜುವುದಕ್ಕಿಂತ ಹೊಟ್ಟೆಯಡಿಯ ರೆಕ್ಕೆ ಊರಿ ನಡೆಯುವುದೇ ಹೆಚ್ಚು. ಬಹುತೇಕ ಮೀನು, ಹಕ್ಕಿಗಳ ನೀಲಿ ಬೆಳಕು ಚದುರಿ ಹುಟ್ಟುವ ನೋಟ. ಇದರ ಚರ್ಮದಲ್ಲಿರುವುದು ನಿಜವಾದ ನೀಲಿ ವರ್ಣದ್ರವ್ಯ. ಜಪಾನಿನ ಸಂಶೋಧಕರು 1995ರಲ್ಲಿ ಅದನ್ನು ವರದಿ ಮಾಡಿದರು. ಹುಡುಗ ಮರುಳಾಗಿದ್ದರೆ ಅವನ ತಪ್ಪಲ್ಲ.

"ಬಣ್ಣ ಆಮೇಲೆ. ಮೊದಲು ಹೊಟ್ಟೆ ನೋಡು."

ಮೀನು ನಮ್ಮತ್ತ ತಿರುಗಿದಾಗ ಕಾಣುತ್ತದೆ: ಕೆನ್ನೆಯ ಹಿಂದೆ ಎರಡೂ ಪಕ್ಕೆ ಒಳಕ್ಕೆ ಸೆಳೆದುಕೊಂಡಿವೆ. ತಲೆ ದಪ್ಪ, ಅಲ್ಲಿಂದ ಹಿಂದಕ್ಕೆ ಮೈ ಸಪೂರ. ಹೊಟ್ಟೆ ತುಂಬಿದ ಮ್ಯಾಂಡರಿನ್ ಹೀಗಿರುವುದಿಲ್ಲ, ದುಂಡಗಿರುತ್ತದೆ.

ಊಟ ಹಾಕಿ ತೋರಿಸಲು ಅಂಗಡಿಯ ಹುಡುಗನಿಗೆ ಹೇಳುತ್ತೇನೆ. "ತಿನ್ನತ್ತೆ ಸಾರ್, ಎಲ್ಲಾ ತಿನ್ನತ್ತೆ," ಎನ್ನುತ್ತಲೇ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಮೈಸಿಸ್ ಸಿಗಡಿಯ ಬಿಲ್ಲೆ ತೆಗೆದು, ಲೋಟದ ನೀರಲ್ಲಿ ಕರಗಿಸಿ ಸುರಿಯುತ್ತಾನೆ. ಕ್ಲೌನ್‌ಫಿಶ್‌ಗಳು ಮುಗಿಬಿದ್ದು ನೀರಿನಲ್ಲೇ ಕಸಿಯುತ್ತವೆ. ಒಂದು ಚೂರು ಮಾತ್ರ ಇಳಿದಿಳಿದು ಮ್ಯಾಂಡರಿನ್ ಮೂತಿಯೆದುರೇ ಕೂರುತ್ತದೆ. ನಾವು ಮೂವರೂ ಗಾಜಿಗೆ ಮೂಗು ಹಚ್ಚಿದ್ದೇವೆ. ಮೀನು ಒಂದು ಕಣ್ಣು ಹೊರಳಿಸಿ ಚೂರನ್ನು ನೋಡುತ್ತದೆ, ಬಾಯಿ ಮುಂದೆ ಚಾಚುತ್ತದೆ, ಮತ್ತೆ ಒಳಕ್ಕೆಳೆದುಕೊಂಡು ಪಕ್ಕಕ್ಕೆ ಸರಿದು ಬರಿಗಲ್ಲನ್ನು ಕುಟುಕುತ್ತದೆ. ಇನ್ನೊಂದು ಹೆಜ್ಜೆ, ಇನ್ನೊಂದು ಕುಟುಕು.

ಬರಿಗಲ್ಲು ನಮ್ಮ ಕಣ್ಣಿಗೆ. ಅದು ಹುಡುಕುತ್ತಿರುವುದು ಕೋಪೆಪಾಡ್, ಸಾಸಿವೆಗಿಂತ ಸಣ್ಣ ಏಡಿಜಾತಿಯ ಜೀವಿ. ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಹವಳದ ದಿಬ್ಬಗಳಲ್ಲಿ ಈ ಮೀನು ಅಂಗಳದ ಕೋಳಿಯಂತೆ ಹಗಲೆಲ್ಲ ಹೆಕ್ಕುತ್ತ ತಿರುಗುತ್ತದೆ. ಇದಕ್ಕೆ ಹುರುಪೆಯಿಲ್ಲ, ಮೈತುಂಬ ನಾರುವ ಲೋಳೆ. ದೊಡ್ಡ ಮೀನುಗಳು ಇದರ ತಂಟೆಗೆ ಬರುವುದು ಕಡಿಮೆ, ಬಿಳಿಚುಕ್ಕಿ ರೋಗವೂ ಸುಲಭಕ್ಕೆ ಅಂಟದು. ಮನೆಯ ಟ್ಯಾಂಕಿನಲ್ಲಿ ಇದನ್ನು ಕೊಲ್ಲುವುದು ಹೆಚ್ಚಾಗಿ ಹಸಿವೆ. ಅದೂ ನಿಧಾನವಾಗಿ, ಬಣ್ಣ ಮಾಸದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕೊನೆಯವರೆಗೂ ಗೊತ್ತೇ ಆಗುವುದಿಲ್ಲ.

ಅಕ್ಕನ ಮಗನ ಟ್ಯಾಂಕು ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರ. ಲೆಕ್ಕಕ್ಕೆ ಸುಮಾರು 57 ಲೀಟರ್. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ದೀಪಾವಳಿ ಕಳೆದ ಮೇಲೆ ಶುರುವಾದದ್ದು, ಇನ್ನೂ ಶಿವರಾತ್ರಿ ಬಂದಿಲ್ಲ. ಕಲ್ಲಿನಲ್ಲಿ ಜೀವ ಹುಟ್ಟಿ ಮಾಗಲು ಆರು ತಿಂಗಳಾದರೂ ಬೇಕು. ಸಾಲದ್ದಕ್ಕೆ ಅದರಲ್ಲೊಂದು ಸಿಕ್ಸ್‌ಲೈನ್ ರಾಸ್ ಇದೆ, ಅದೂ ಕೋಪೆಪಾಡ್ ಹೆಕ್ಕುವ ಮೀನೇ.

"ಆರ್ಟೀಮಿಯಾ ಮೊಟ್ಟೆ ಒಡೆಸ್ತೀನಿ ಮಾಮ. ಒಂದು ದಿನದಲ್ಲಿ ಮರಿ ಆಗತ್ತೆ."

"ಆಗತ್ತೆ. ದಿನಕ್ಕೆ ಎಷ್ಟು ಸಲ ಹಾಕ್ತೀಯ?"

"ಎರಡು ಸಲ."

"ನೀನು ಕಾಲೇಜಲ್ಲಿದ್ದಾಗ?"

ಉತ್ತರವಿಲ್ಲ. ಬಾಟಲಿಯಲ್ಲಿ ಕೋಪೆಪಾಡ್ ಬೆಳೆಸುವ ಮಾತೆತ್ತುತ್ತಾನೆ. ಸಾಧ್ಯವಿಲ್ಲವೆಂದಲ್ಲ. ಅದಕ್ಕೆ ಹಸಿರು ಪಾಚಿನೀರು ಬೇಕು, ಒಂದು ಬಾಟಲಿ ಕೆಟ್ಟರೆ ಇನ್ನೊಂದು ತಯಾರಿರಬೇಕು. ಪರೀಕ್ಷೆ ಬಂದಾಗ ಆ ಕೆಲಸ ಅಕ್ಕನ ತಲೆಗೇ ಬರುವುದು, ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಅಂಗಡಿಯ ಹುಡುಗ ಕೊನೆಯ ಬಾಣ ಬಿಡುತ್ತಾನೆ: "ನೀವು ಬಿಟ್ರೆ ಇನ್ನೊಬ್ರು ತಗೋತಾರೆ ಸಾರ್."

ಅದು ನಿಜ. ಅಕ್ಕನ ಮಗನ ಮುಖ ನೋಡಿದರೆ, ಮೀನನ್ನು ಉಳಿಸುವುದಕ್ಕೇ ಕೊಳ್ಳೋಣ ಎಂಬಂತಿದೆ. ಆದರೆ ಇದು ಹೋದ ಜಾಗಕ್ಕೆ ಮುಂದಿನ ಆರ್ಡರಿನಲ್ಲಿ ಇನ್ನೊಂದು ಬರುತ್ತದೆ, ಸಮುದ್ರದಿಂದಲೇ. ತೊಟ್ಟಿಯಲ್ಲೇ ಮರಿಯಾಗಿ, ಹೆಪ್ಪುಗಟ್ಟಿದ ಆಹಾರಕ್ಕೆ ಪಳಗಿದ ಮ್ಯಾಂಡರಿನ್‌ಗಳೂ ಮಾರಾಟಕ್ಕಿರುತ್ತವೆ. ಅಂಥದ್ದು ಬಂದರೆ ಫೋನ್ ಮಾಡಲು ಹೇಳಿ ನಂಬರ್ ಬರೆದುಕೊಡುತ್ತೇನೆ. "ಬರೀ ಬಾಯಿಮಾತಲ್ಲಿ ಆಗಲ್ಲ, ನಮ್ಮೆದುರೇ ತಿನ್ನಬೇಕು," ಎಂದು ಅಕ್ಕನ ಮಗನೇ ಸೇರಿಸುತ್ತಾನೆ. ಒಂದು ಡಬ್ಬಿ ಸಮುದ್ರದ ಉಪ್ಪು ಕೊಂಡು ಹೊರಡುತ್ತೇವೆ.

ನೀವೂ ಇಂಥ ಟ್ಯಾಂಕಿನ ಮುಂದೆ ನಿಂತಾಗ ಅಂಗಡಿಯವರಿಗೆ ಊಟ ಹಾಕಿ ತೋರಿಸಲು ಹೇಳಿ, ಬೇಸರಪಟ್ಟುಕೊಂಡರೂ ಪರವಾಗಿಲ್ಲ. ಕೊಟ್ಟದ್ದನ್ನು ಮೀನು ತಿನ್ನದಿದ್ದರೆ, ನಿಮ್ಮ ಮನೆಯಲ್ಲಿ ಮಾಗಿದ ಕಲ್ಲುಗಳಿರುವ 300 ಲೀಟರಿನಷ್ಟು ಟ್ಯಾಂಕೂ ಇಲ್ಲದಿದ್ದರೆ, ಅದನ್ನು ಅಲ್ಲೇ ಬಿಟ್ಟು ಬನ್ನಿ.