ಮೂರು ವೈರು

ನಮ್ಮ ಹಳೆಯ ಮಾರುತಿ 800 ನಿಂತಲ್ಲೇ ಗಡಗಡ ನಡುಗುತ್ತಿತ್ತು. ಜಪಾನಿನ ಸುಜುಕಿ ರೂಪಿಸಿದ 796 ಸಿಸಿ ಎಂಜಿನ್. ಇರುವುದೇ ಮೂರು ಸಿಲಿಂಡರ್. ಒಂದು ಮುನಿಸಿಕೊಂಡರೂ ಗಾಡಿ ಕುಂಟುತ್ತದೆ. “ಗುಜರಿಗೆ ಹಾಕೋಣ ಅಪ್ಪಾ” ಅಂದ ಮಗ.

ಭಾನುವಾರ, ಎಂಜಿನ್ ತಣ್ಣಗಿದ್ದಾಗ, ಮೊಮ್ಮಗಳ ಜೊತೆ ಬಾನೆಟ್ ಎತ್ತಿದೆ. ಎರಡು ಪ್ಲಗ್ಗುಗಳ ತುದಿ ತಿಳಿಕಂದು ಬಣ್ಣ, ಮೂರನೆಯದು ಪೂರ್ತಿ ಮಸಿ. ಕಿಡಿ ಹಾರುವುದಾದರೂ ಹೇಗೆ? ತಂತಿ ಬ್ರಷ್ಷಿನಿಂದ ಉಜ್ಜಿ, ವೈರು ಸಿಕ್ಕಿಸಿ ಕೀಲಿ ತಿರುಗಿಸಿದೆ. ‘ಢಬ್’ ಅಂತು, ಸ್ಟಾರ್ಟ್ ಆಗಲಿಲ್ಲ.

“ತಾತಾ, ಎರಡು ವೈರು ಅದಲುಬದಲು ಮಾಡಿದ್ದೀ!”

ಬಿಚ್ಚುವ ಮೊದಲೇ ಅವಳು ಒಂದೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ನಾನು ಆಗ ನಕ್ಕಿದ್ದೆ. ಕಿಡಿ 1, 3, 2ರ ಸರದಿಯಲ್ಲೇ ಹಾರಬೇಕು. ನನಗೆ ಗೊತ್ತಿತ್ತು, ಕಣ್ಣು ಕೈಕೊಟ್ಟಿತ್ತು.

ವೈರು ಬದಲಿಸಿ, ದಾರ ಬಿಚ್ಚಿದೆವು. ಈ ಸಲ ಗಾಡಿ ನಡುಗಲಿಲ್ಲ. ಮಗ ಹೊರಬಂದು ಸ್ವಲ್ಪ ಹೊತ್ತು ಕಿವಿಗೊಟ್ಟ. ಗುಜರಿಯ ಮಾತೆತ್ತದೆ ಒಳಗೆ ಹೋದ.